ಸೋಮವಾರದ ಗಂಟಲು

ನಮ್ಮ ಕಚೇರಿಯಲ್ಲಿ ಒಂದು ನಂಬಿಕೆ ಇತ್ತು. ಸೂಪರಿಂಟೆಂಡೆಂಟ್ ಮೇಡಂಗೆ ಧೂಳು ಆಗುವುದಿಲ್ಲ, ಭಾನುವಾರ ಮನೆಯ ಜೇಡರ ಬಲೆ ಹೊಡೆಯುತ್ತಾರೆ, ಅದಕ್ಕೇ ಸೋಮವಾರ ಅವರ ಗಂಟಲು ಕಟ್ಟಿರುತ್ತದೆ ಎಂದು. ಸೋಮವಾರ ಬಂತೆಂದರೆ ಅವರದು ಅರ್ಧ ಮಾತು, ಅರ್ಧ ಸನ್ನೆ. ಡ್ರಾಯರಿನಲ್ಲಿ ಒಂದು ಪುಟ್ಟ ಸ್ಟೀಲ್ ಡಬ್ಬಿ, ಅದರಲ್ಲಿ ಕಲ್ಲುಸಕ್ಕರೆ, ಕಾಳುಮೆಣಸು. ಎರಡನ್ನೂ ಬಾಯಿಗೆ ಹಾಕಿಕೊಂಡು ಫೈಲು ತಿರುವುತ್ತಿದ್ದರು. ಜವಾನ ಕೇಳದೆಯೇ ಬಿಸಿನೀರು ತಂದಿಡುತ್ತಿದ್ದ. 'ಪಾಪ, ಮನೆಗೊಬ್ಬ ಕೆಲಸದವಳನ್ನಾದರೂ ಇಟ್ಟುಕೊಳ್ಳಬಾರದಾ' ಎಂದು ಎಲ್ಲರೂ ಮರುಗುತ್ತಿದ್ದರು.

ಧೂಳೂ ಇಲ್ಲ, ಜೇಡರ ಬಲೆಯೂ ಇಲ್ಲ. ಭಾನುವಾರದ ಮ್ಯಾಟಿನಿಗೆ ಹೋಗಿ, ಪರದೆಗೆ ಮೂಗು ತಾಗುವಷ್ಟು ಮುಂದಿನ ಕ್ಲಾಸಿನಲ್ಲಿ ಕೂತು, ಎರಡೂವರೆ ಗಂಟೆ ಕೂಗಿದರೆ ಯಾರ ಗಂಟಲಾದರೂ ಕಟ್ಟುತ್ತದೆ. ಈ ಗುಟ್ಟು ಕಚೇರಿಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಯಾರಿಗೂ ಹೇಳಬೇಡವೆಂದಿದ್ದರು, ಹೇಳಿರಲಿಲ್ಲ. ಎರಡು ತಿಂಗಳ ಹಿಂದೆ ಅವರು ತೀರಿಕೊಂಡರು. ಈಗ ಹೇಳಿದರೆ ಬೈಯುವುದಕ್ಕೆ ಅವರಿಲ್ಲ, ಹೇಳದೆ ಇರುವುದಕ್ಕೆ ನನ್ನಿಂದ ಆಗುತ್ತಿಲ್ಲ.

ಹೇಳಲೇಬೇಕಾದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಹೋದ ತಿಂಗಳು ಕಚೇರಿಯವರೆಲ್ಲ ಮಾಲ್ ಒಂದರಲ್ಲಿ ಸಿನಿಮಾಗೆ ಹೋಗಿದ್ದೆವು. ನಾಯಕ ಬಾಗಿಲು ಒದ್ದುಕೊಂಡು ಬಂದ. ನಮ್ಮ ಮುಂದಿನ ಸಾಲಿನ ಮೂವರು ಎದ್ದು ನಿಂತು 'ಹೋ' ಎಂದು ಕೂಗಿದರು. ಹಿಂದಿನಿಂದ ಒಬ್ಬ ಹೆಂಗಸು, "ರೀ, ಕೂತ್ಕೊಳ್ರೀ. ನಾವು ಸಿನಿಮಾ ನೋಡಕ್ ಬಂದಿರೋದು, ನಿಮ್ಮನ್ನಲ್ಲ" ಎಂದರು. "ಸುಮ್ನೆ ನೋಡೋದಾದ್ರೆ ಮನೇಲಿ ಟೀವೀಲಿ ನೋಡಿ" ಎಂದು ಆ ಮೂವರು. ಮಾರನೆಯ ದಿನ ಆ ಜಗಳ ಅನಾಮತ್ತಾಗಿ ನಮ್ಮ ಕಚೇರಿಯ ವಾಟ್ಸಾಪ್ ಗುಂಪಿಗೆ ಬಂದು ಬಿತ್ತು. ಸಿನಿಮಾದಲ್ಲಿ ಕೂಗಬೇಕೋ ಬೇಡವೋ? ಟಪಾಲು ವಿಭಾಗ ಕೂಗಬೇಕು ಎಂದಿತು, ಲೆಕ್ಕಪತ್ರದವರು ಕೂಡದು ಎಂದರು. ಕೊನೆಗೆ ಯಾರೋ "ನೀವೇನಂತೀರಿ ಮೇಡಂ?" ಎಂದು ನನ್ನನ್ನು ಕೇಳಿದರು. ನಾನು "ನನ್ನನ್ನ ಕೇಳ್ಬೇಡಿ, ನಾನು ಪಕ್ಷಪಾತಿ" ಎಂದು ಬರೆದು ಫೋನು ಮುಚ್ಚಿಟ್ಟೆ.

ಯಾಕೆ ಪಕ್ಷಪಾತಿ ಎನ್ನುವುದನ್ನು ಫೋನಿನಲ್ಲಿ ಎರಡು ಬೆರಳಲ್ಲಿ ಬರೆಯಲಾಗುವುದಿಲ್ಲ.

ಅವರನ್ನು ಕಚೇರಿಯಲ್ಲಿ ಮಾತ್ರ ನೋಡಿದವರು ಇದನ್ನು ನಂಬುವುದು ಕಷ್ಟ. ಗಂಜಿ ಹಾಕಿದ ಹತ್ತಿ ಸೀರೆ, ಬಿಗಿಯಾಗಿ ಕಟ್ಟಿದ ಗಂಟು, ಮೂಗಿನ ತುದಿಗೆ ಇಳಿದ ಕನ್ನಡಕ. ಮೈಸೂರಿನ ಅಗ್ರಹಾರದ ಹತ್ತಿರದ ಆ ಹಳೆಯ ಕಟ್ಟಡದಲ್ಲಿ ಯಾರಾದರೂ ಜೋರಾಗಿ ನಕ್ಕರೆ ಕನ್ನಡಕದ ಮೇಲಿಂದ ಒಮ್ಮೆ ನೋಡುತ್ತಿದ್ದರು, ಅಷ್ಟೇ. ನಗು ಅರ್ಧಕ್ಕೇ ನಿಲ್ಲುತ್ತಿತ್ತು. ಟಿ. ನರಸೀಪುರದ ಕಡೆಯ ಒಕ್ಕಲು ಮನೆತನದವರು. "ನಮ್ಮನೇಲಿ ಹೆಣ್ಮಕ್ಕಳ ನಗು ಹಜಾರ ದಾಟಂಗಿರ್ಲಿಲ್ಲ ಕಣೆ. ನಮ್ಮಜ್ಜಿ ಸೊಸೇರಿಗೆ ಕೆಮ್ಮೋದೂ ಕಲಿಸಿದ್ಲು, ಎಂಗೆ ಮೆತ್ತಗೆ ಕೆಮ್ಬೇಕು ಅಂತ" ಎಂದು ಒಮ್ಮೆ ಹೇಳಿದ್ದರು. ಮದುವೆಯಾಗಿ ಮೈಸೂರಿಗೆ ಬಂದ ಹೊಸತರಲ್ಲಿ ಗಂಡ ಸಿನಿಮಾಗೆ ಕರೆದುಕೊಂಡು ಹೋದರಂತೆ. ಕತ್ತಲಲ್ಲಿ ಎಲ್ಲರೂ ಕೂಗಿದಾಗ ಇವರೂ ಒಮ್ಮೆ ಮೆಲ್ಲಗೆ ಕೂಗಿ ನೋಡಿದರಂತೆ. ಯಾರೂ ತಿರುಗಿ ನೋಡಲಿಲ್ಲವಂತೆ. "ಅಷ್ಟೇ. ಹಿಡಿದ್ಬುಡ್ತು" ಎನ್ನುತ್ತಿದ್ದರು. ಗಂಡನಿಗೆ ಸಿನಿಮಾದ ಹುಚ್ಚು ಇರಲಿಲ್ಲ. ಭಾನುವಾರ ಶ್ರೀರಾಂಪುರದ ಮನೆಯಿಂದ ಹೆಂಡತಿಯನ್ನು ಸ್ಕೂಟರಿನಲ್ಲಿ ಕರೆತಂದು ಟಾಕೀಸಿನ ಮುಂದೆ ಇಳಿಸಿ, ತಾವು ಪಾರ್ಕಿನಲ್ಲಿ ಪತ್ರಿಕೆ ಓದುತ್ತಾ ಕೂತಿದ್ದು, ಆಟ ಬಿಟ್ಟಾಗ ವಾಪಸು ಕರೆದೊಯ್ಯುತ್ತಿದ್ದರು. ಇಂಥ ಗಂಡಸರು ಎಲ್ಲಿ ಸಿಗುತ್ತಾರೆ ಎಂದು ನಾನು ತಮಾಷೆ ಮಾಡಿದರೆ, "ಪಾರ್ಕಲ್ಲಿ" ಎನ್ನುತ್ತಿದ್ದರು.

ಇನ್ನು ನನ್ನ ಕಥೆ. ನಾನು ಉಗ್ಗುತ್ತೇನೆ. ಈಗಲೂ. ಪ, ಬ, ಮ, ಅಂದರೆ ತುಟಿ ಸೇರಿಸಿ ಹೇಳಬೇಕಾದ ಅಕ್ಷರ ಬಂತೋ, ಸೇರಿದ ತುಟಿ ಬಿಟ್ಟುಕೊಳ್ಳುವುದಿಲ್ಲ. ನನ್ನ ಹೆಸರೂ 'ಮ'ದಿಂದಲೇ ಶುರುವಾಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ನನ್ನ ಮಾತು ಆಡಿದರೆ ತಾನೇ ಹೋಗುವುದು? ಅಪ್ಪ ಸರ್ವಿಸಿನಲ್ಲಿದ್ದಾಗಲೇ ತೀರಿಕೊಂಡಿದ್ದರಿಂದ ಅನುಕಂಪದ ಆಧಾರದ ಮೇಲೆ ನನಗೆ ಆ ಕೆಲಸ ಸಿಕ್ಕಿತ್ತು. ಒಂಟಿಕೊಪ್ಪಲಿನ ಬಾಡಿಗೆ ಮನೆಯಲ್ಲಿ ಅಮ್ಮ, ಓದುತ್ತಿದ್ದ ತಂಗಿ, ನಾನು. ಮೂವರೂ ಆ ಕೆಲಸವನ್ನು ನೆಚ್ಚಿಕೊಂಡಿದ್ದೆವು. ಮೊದಲು ನನ್ನನ್ನು ದಾಖಲೆ ಕೋಣೆಯಲ್ಲಿ ಹಾಕಿದ್ದರು. ಹಳೆಯ ಕಡತಗಳನ್ನು ಯಾರೂ ಮಾತಾಡಿಸಬೇಕಾಗಿಲ್ಲ. ಅದು ನನ್ನ ಸ್ವರ್ಗ.

ಆಮೇಲೆ ಕೌಂಟರಿನವರೊಬ್ಬರು ನಿವೃತ್ತರಾದರು. ಅವರ ಜಾಗಕ್ಕೆ ನನ್ನನ್ನು ಕೂರಿಸಿದರು. ಕೆಲಸ ಸರಳ. ಬೆಳಿಗ್ಗೆ ಹನ್ನೊಂದಕ್ಕೆ ಸಿದ್ಧವಾದ ಪ್ರಮಾಣಪತ್ರಗಳ ಪಟ್ಟಿ ಹಿಡಿದು ಒಬ್ಬೊಬ್ಬರ ಹೆಸರನ್ನೇ ಕೂಗಿ ಕರೆದು ಪತ್ರ ಕೊಡುವುದು. ಮೈಸೂರು ಸೀಮೆಯಲ್ಲಿ ಮಹದೇವ, ಮಾದಪ್ಪ, ಪುಟ್ಟಸ್ವಾಮಿ, ಬಸವಣ್ಣ, ಪಾರ್ವತಮ್ಮ ಬಿಟ್ಟರೆ ಇನ್ಯಾವ ಹೆಸರಿದೆ ನೀವೇ ಹೇಳಿ. ಮೊದಲ ದಿನ ಒಂದು 'ಮಹದೇವಸ್ವಾಮಿ'ಗೆ ನಾನು ತೆಗೆದುಕೊಂಡ ಹೊತ್ತಿನಲ್ಲಿ ಜನ ಮೊದಲು ಸುಮ್ಮನಾದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಹಿಂದೆ ಯಾರೋ ಕಿಸಕ್ಕೆಂದರು. ಪಕ್ಕದ ಮೇಜಿನವರು ಕರುಣೆಯಿಂದ "ಮಹದೇವಸ್ವಾಮಿ!" ಎಂದು ನನ್ನ ಬದಲಿಗೆ ಕೂಗಿದರು. ಅವರ ಕರುಣೆ ಆ ನಗುವಿಗಿಂತ ಹೆಚ್ಚು ಚುಚ್ಚಿತು.

ನಮ್ಮ ಅಧಿಕಾರಿ ಕೆಟ್ಟವರಲ್ಲ. ಕರೆದು ಕೂರಿಸಿ ಮೆತ್ತಗೇ ಹೇಳಿದರು: "ನೋಡಮ್ಮ, ನಿನ್ನ ಪ್ರೊಬೇಷನ್ ಮುಗಿಯಕ್ಕೆ ಮೂರು ತಿಂಗಳಿದೆ. ಜನ ದೂರು ಬರೀತಿದ್ದಾರೆ. ಅಷ್ಟರಲ್ಲಿ ಕೌಂಟರ್ ಸರಿಹೋಗದಿದ್ರೆ, ಖಾಯಂ ಮಾಡಿ ಅಂತ ನಾನು ಹೆಂಗೆ ಬರೀಲಿ?" ಅಂದು ಮನೆಗೆ ಹೋಗಿ ಅಮ್ಮನಿಗೆ ತಲೆನೋವೆಂದು ಸುಳ್ಳು ಹೇಳಿ ಮಲಗಿದೆ.

ಅದಾದ ಕೆಲವು ದಿನಕ್ಕೆ ಕಚೇರಿಯಲ್ಲಿ ಧ್ವಜಾರೋಹಣ. ಎಲ್ಲರೂ ಸೇರಿ ಜೈಕಾರ ಹಾಕಿದೆವು. ಲಾಡು ಹಂಚುವಾಗ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು.

"ಭಾರತ್ ಮಾತಾ ಅಂದ್ಯಲ್ಲ ಈಗ. 'ಭಾ'ನೂ ಬಂತು, 'ಮಾ'ನೂ ಬಂತು. ಒಂದ್ಸಲಾನೂ ನಿಲ್ಲಲಿಲ್ಲ."

"ಎಲ್ರೂ ಹೇಳ್ತಿದ್ರಲ್ಲ ಮ್... ಮೇಡಂ."

"ಅದನ್ನೇ ನಾನೂ ಹೇಳ್ತಿರೋದು. ಭಾನುವಾರ ಏನ್ಮಾಡ್ತಿದ್ದೀಯ?"

ಉಗ್ಗುವವರು ಹತ್ತು ಜನರ ಜೊತೆ ಸೇರಿ ಹೇಳಿದರೆ ಉಗ್ಗುವುದಿಲ್ಲ ಎನ್ನುವುದು ವೈದ್ಯರಿಗೆ ಗೊತ್ತಿರುವ ವಿಷಯವಂತೆ, ನನಗೆ ಆಮೇಲೆ ತಿಳಿಯಿತು. ಅವರಿಗೆ ಯಾವ ವೈದ್ಯರೂ ಹೇಳಿರಲಿಲ್ಲ. ಲಾಡು ಕೈಯಲ್ಲಿ ಹಿಡಿದುಕೊಂಡು ನನ್ನ ಬಾಯಿ ನೋಡಿದ್ದರು, ಅಷ್ಟೇ.

ಭಾನುವಾರ ಟಾಕೀಸಿನ ಮುಂದೆ ಅವರನ್ನು ನೋಡಿ ಒಂದು ಕ್ಷಣ ಗುರುತು ಹತ್ತಲಿಲ್ಲ. ಹೂವಿನ ಚಿತ್ತಾರದ ನೈಲಾನ್ ಸೀರೆ, ತಲೆಗೆ ಮಲ್ಲಿಗೆ. ಬಾಲ್ಕನಿಗೆ ಹೋಗುವ ಮೆಟ್ಟಿಲ ಕಡೆ ನಾನು ತಿರುಗಿದರೆ ಕೈ ಹಿಡಿದು ಎಳೆದರು. "ಬಾಲ್ಕನಿ ಕೇಳೋರ್ದು. ಕೂಗೋರು ಮುಂದೆ ಕೂತ್ಕೋಬೇಕು." ಇದಕ್ಕೊಂದು ಹಿನ್ನೆಲೆ ಇತ್ತು. ಹಿಂದೊಮ್ಮೆ ಅವರು ಬಾಲ್ಕನಿಯಲ್ಲಿ ಕೂತು ಕೂಗುತ್ತಿದ್ದಾಗ ಪಕ್ಕದ ವೃದ್ಧರೊಬ್ಬರು, "ತಾಯಿ, ನನಗೆ ಒಂದು ಕಿವಿ ಕೇಳ್ಸಲ್ಲ. ಇನ್ನೊಂದು ಕಿವೀನ ನಿಮ್ಮ ಕಡೆ ಇಟ್ಕೊಂಡು ಕೂತಿದ್ದೀನಿ" ಎಂದರಂತೆ. ಇವರು ಇಂಟರ್ವಲ್‌ನಲ್ಲಿ ಅವರಿಗೆ ಕಾಫಿ ಕೊಡಿಸಿ, ಜಾಗ ಬದಲಿಸಿದವರು ಮತ್ತೆ ಬಾಲ್ಕನಿ ಹತ್ತಲಿಲ್ಲ. ಗೆಜೆಟೆಡ್ ಅಧಿಕಾರಿಗಳಿಗೇ ಹೆದರದ ಹೆಂಗಸು ಆ ಅಜ್ಜನ ಕಿವಿಗೆ ಹೆದರಿದ್ದರು.

ಕೂಗುವುದಕ್ಕೂ ಅವರಲ್ಲಿ ಶಿಸ್ತಿತ್ತು. "ಹೀರೋ ಬಂದ್ರೆ ಕೂಗು, ಸಾವು ಬಂದ್ರೆ ಸುಮ್ನಿರು, ಮಧ್ಯದಲ್ಲಿ ಪಕ್ಕದೋರ ಮುಖ ನೋಡು" ಎನ್ನುವುದು ಮೊದಲ ಪಾಠ. ಪಕ್ಕದವರ ಮಡಿಲಲ್ಲಿ ಮಗು ಮಲಗಿದ್ದರೆ ಆ ದಿನ ಬರೀ ಚಪ್ಪಾಳೆ. ಯಾರಾದರೂ ಫೋನಿನಲ್ಲಿ ಮಾತಾಡಿದರೆ ಮಾತ್ರ ಉರಿದು ಬೀಳುತ್ತಿದ್ದರು. "ನಾವು ಇಷ್ಟು ಕೂಗ್ತೀವಲ್ಲ ಮೇಡಂ, ಅವ್ರು ಮೆತ್ತಗೆ ಮಾತಾಡಿದ್ರೆ ಏನು?" ಎಂದು ನಾನು ಕೇಳಿದ್ದೆ. "ಕೂಗು ಎಲ್ರುದ್ದೂ. ಫೋನು ಅವನೊಬ್ನುದ್ದು" ಎಂದರು. ನಾಯಕ ಬರುವ ಮುನ್ನ ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. "ಕನ್ನಡಕ ತೆಗೆದ್ರೆ ಹೀರೋ ಕಾಣಲ್ವಲ್ಲ?" ಎಂದರೆ, "ಕಾಣೋದು ಏನಿದೆ, ಬಂದ ಅಂತ ಗೊತ್ತಾದ್ರೆ ಸಾಕು". ಶಿಳ್ಳೆ ಮಾತ್ರ ಅವರಿಗೆ ಕೊನೆಯವರೆಗೂ ಒಲಿಯಲಿಲ್ಲ. ಎರಡು ಬೆರಳು ಬಾಯಿಗಿಟ್ಟು ಊದಿದರೆ ಒಲೆ ಊದಿದ ಹಾಗೆ ಬರೀ ಗಾಳಿ ಬರುತ್ತಿತ್ತು.

ನಾವು ಹೋದ ಆ ಸಿನಿಮಾದಲ್ಲಿ ನಾಯಕ ಖಳನ ಎದುರು ನಿಂತು ಒಂದು ಮಾತು ಹೇಳುತ್ತಿದ್ದ: 'ಮಾತಾಡೋನು ಮೂಲೇಲಿರ್ಲಿ, ಮಾಡೋನು ಮುಂದೆ ಬರ್ಲಿ!' ಬರೆದವರಿಗೆ ನನ್ನ ಮೇಲೆ ಏನು ಹಗೆಯಿತ್ತೋ, ಮೈತುಂಬ 'ಮ'. ಮೊದಲ ವಾರದಿಂದಲೇ ಇಡೀ ಮುಂದಿನ ಕ್ಲಾಸು ಆ ಮಾತನ್ನು ನಾಯಕನ ಜೊತೆ ಸೇರಿ ಹೇಳುತ್ತಿತ್ತು. ಮೊದಲ ಭಾನುವಾರ ನಾನು ಬಾಯಿ ಮಾತ್ರ ಆಡಿಸಿದೆ. ಎರಡನೆಯ ಭಾನುವಾರ ಮೇಡಂ ನನ್ನ ಕೈ ಹಿಡಿದು ಎಬ್ಬಿಸಿದರು. ಕೂಗಿದೆ. ಮುನ್ನೂರು ಗಂಟಲುಗಳ ನಡುವೆ ನನ್ನದೂ ಒಂದು ಗಂಟಲು, ಎಲ್ಲೂ ತಡೆಯದೆ, ಮೊದಲ 'ಮಾ'ದಿಂದ ಕೊನೆಯ 'ಬರ್ಲಿ'ವರೆಗೆ ಓಡಿತು. ನನ್ನ ಧ್ವನಿ ಇಷ್ಟು ದಪ್ಪ ಎಂದು ನನಗೆ ಗೊತ್ತೇ ಇರಲಿಲ್ಲ.

ಒಂದೇ ಸಿನಿಮಾವನ್ನು ಐದು ಭಾನುವಾರ ನೋಡಿದೆವು. ಅಮ್ಮನಿಗೆ ಅನುಮಾನ ಬಂದು, ಯಾರಾದರೂ ಹುಡುಗನ ಜೊತೆ ಹೋಗುತ್ತಿದ್ದೀಯಾ ಎಂದು ಕೇಳಿದರು. ಸೂಪರಿಂಟೆಂಡೆಂಟ್ ಜೊತೆ ಎಂದರೆ ನಂಬಲಿಲ್ಲ.

ಐದನೆಯ ಭಾನುವಾರ ಅನಾಹುತವಾಯಿತು. ಅಷ್ಟು ಹೊತ್ತಿಗೆ ನನಗೆ ಇಡೀ ಸಿನಿಮಾ ಬಾಯಿಪಾಠ. ಮಳೆ ಬರುತ್ತದೆ, ಬಲ್ಬು ಒಡೆಯುತ್ತದೆ, ನಾಯಕ ತಿರುಗುತ್ತಾನೆ, ಮಾತು ಬರುತ್ತದೆ. ಮಳೆ ಬಂತು. ಬಲ್ಬು ಒಡೆಯಿತು. ನಾನು ಎದ್ದು ನಿಂತು ಉಸಿರು ತುಂಬಿಕೊಂಡು ಕೂಗಿಯೇ ಬಿಟ್ಟೆ: "ಮಾತಾಡೋನು ಮೂಲೇಲಿರ್ಲಿ, ಮಾಡೋನು ಮುಂದೆ ಬರ್ಲಿ!"

ಸಿನಿಮಾ ಉದ್ದವಾಯಿತೆಂದು ಆ ವಾರ ಹತ್ತು ನಿಮಿಷ ಕತ್ತರಿಸಿದ್ದರಂತೆ. ನನಗೇನು ಗೊತ್ತು? ನಾಯಕ ತಿರುಗಲೇ ಇಲ್ಲ. ಬಲ್ಬು ಒಡೆದ ಮರುಕ್ಷಣ ಪರದೆಯ ಮೇಲೆ ಆಸ್ಪತ್ರೆ, ಮಂಚದ ಮೇಲೆ ನಾಯಕನ ತಾಯಿ, ಕೊನೆಯುಸಿರು. ಟಾಕೀಸೆಲ್ಲ ಸದ್ದಡಗಿ ಕೂತಿದೆ. ಆ ಮೌನದಲ್ಲಿ ಸಾಯುತ್ತಿರುವ ಮುದುಕಿಗೆ ನಾನೊಬ್ಬಳೇ ಎದ್ದು ನಿಂತು ಸವಾಲು ಹಾಕುತ್ತಿದ್ದೇನೆ.

"ಯಾರಮ್ಮ ಅದು? ಸಾಯೋರಿಗಾದ್ರೂ ಮರ್ಯಾದೆ ಬ್ಯಾಡ್ವಾ?" ಎಂದು ಹಿಂದಿನಿಂದ ಒಬ್ಬರು ಗದರಿದರು. ಅವರು ಅಳುತ್ತಿದ್ದರು ಪಾಪ, ಧ್ವನಿಯಲ್ಲೇ ತಿಳಿಯುತ್ತಿತ್ತು. ನಾನು ಧೊಪ್ಪನೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಮೇಡಂ ಎದ್ದು ಹಿಂದಕ್ಕೆ ತಿರುಗಿ ಕೈಮುಗಿದು, "ತಪ್ಪಾಯ್ತು ಕಣಪ್ಪ, ಕಟ್ ಮಾಡಿರೋದು ಗೊತ್ತಾಗ್ಲಿಲ್ಲ ನಮ್ಮುಡ್ಗಿಗೆ" ಎಂದರು. ಆಮೇಲೆ ಕೂತು ಅಲುಗಾಡತೊಡಗಿದರು. ಅಳುತ್ತಿದ್ದಾರೆ ಎಂದುಕೊಂಡೆ. ನೋಡಿದರೆ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದರು, ಕಣ್ಣಲ್ಲಿ ನೀರು.

"ನಾನು ಇನ್ನು ಬ್... ಬರಲ್ಲ ಮೇಡಂ" ಎಂದೆ.

"ಲೇ, ಯಾರಿದ್ರು ನಿನ್ ಜೊತೇಲಿ?"

"ಯಾರಿದ್ರು?"

"ಅದೇ ಕೇಳ್ತಿರೋದು. ಹೀರೋನೂ ಇರ್ಲಿಲ್ಲ, ಜನಾನೂ ಇರ್ಲಿಲ್ಲ, ನಾನೂ ಇರ್ಲಿಲ್ಲ. ಒಬ್ಳೇ ಹೇಳ್ದೆ ಕಣೆ. ಅಷ್ಟೂ 'ಮ'ಗಳನ್ನ."

ಪರದೆಯ ಮೇಲೆ ತಾಯಿ ಸತ್ತಳು. ನಾನೂ ಅತ್ತೆ, ಆದರೆ ಅವಳಿಗಾಗಿ ಅಲ್ಲ.

ಆಟ ಬಿಟ್ಟ ಮೇಲೆ ಹೊರಗೆ ನಿಂತು ಸ್ಕೂಟರಿಗೆ ಕಾಯುತ್ತಾ ಅವರು ಹೇಳಿದ ಮಾತನ್ನು ನಾನು ಇವತ್ತಿಗೂ ಕಾಪಾಡಿಕೊಂಡು ಬಂದಿದ್ದೇನೆ. "ನಿನ್ ಬದಲಿಗೆ ಹೇಳೋರು ಸಿಕ್ತಾರೆ, ಊರ್ ತುಂಬ. ಅವ್ರು ಒಳ್ಳೇವ್ರೇ. ಆದ್ರೆ ಬದಲಿಗೆ ಹೇಳೋದು ಬೇರೆ, ಜೊತೇಲಿ ಹೇಳೋದು ಬೇರೆ. ಟಾಕೀಸಲ್ಲಿ ಯಾರೂ ಯಾರ ಬದ್ಲಿಗೂ ಕೂಗಲ್ಲ, ನೋಡು." ಮಾರನೆಯ ದಿನ ಪಕ್ಕದ ಮೇಜಿನವರಿಗೆ, ಇನ್ನು ಮುಂದೆ ಈ ಹುಡುಗಿಯ ಪರವಾಗಿ ಯಾರೂ ಹೆಸರು ಕೂಗಕೂಡದು ಎಂದು ಕಟ್ಟಪ್ಪಣೆಯಾಯಿತು.

ನನ್ನ ಉಗ್ಗು ಹೋಗಲಿಲ್ಲ. ಹೋಯಿತೆಂದು ಬರೆದರೆ ಅವರೇ ಮೇಲಿಂದ ಕನ್ನಡಕ ಇಳಿಸಿ ನೋಡಿಯಾರು. ಹೋದದ್ದು ಹೆದರಿಕೆ. ತಡೆದು ನಿಂತಾಗ ಈಗ ನಾನು ನೆಲ ನೋಡುವುದಿಲ್ಲ, ಎದುರಿಗಿರುವವರ ಮುಖ ನೋಡುತ್ತಾ ಕಾಯುತ್ತೇನೆ. ಅವರೂ ಕಾಯುತ್ತಾರೆ. ಅದೇ ಕಚೇರಿಯಲ್ಲಿ ಈಗ, ಎಷ್ಟೋ ವರ್ಷಗಳ ಮೇಲೆ, ಅವರು ನಿವೃತ್ತರಾಗಿ ಬಿಟ್ಟುಹೋದ ಕುರ್ಚಿಯಲ್ಲಿ ಕೂತಿದ್ದೇನೆ. ತಂಗಿಯ ಓದು ಮುಗಿಯಿತು, ಅಮ್ಮ ನೆಮ್ಮದಿಯಿಂದಿದ್ದಾರೆ. ಮೂವರ ಬದುಕು ಒಂದು ಟಾಕೀಸಿನ ಗದ್ದಲಕ್ಕೆ ಋಣಿ ಎಂದರೆ ಜನ ನಗುತ್ತಾರೆ. ನಗಲಿ. ಬಾಯಿ ಮುಚ್ಚಿ ನೋಡಬೇಕೆನ್ನುವವರ ಹಕ್ಕನ್ನು ನಾನು ಅಲ್ಲಗಳೆಯುವುದಿಲ್ಲ, ಆ ಒಂದೇ ಕಿವಿಯ ಅಜ್ಜನೂ ಜನವೇ. ಆದರೆ ಮುಂದಿನ ಸಾಲಿನಲ್ಲಿ ಯಾರಾದರೂ ಎದ್ದು ಕೂಗಿದರೆ ನನಗೆ ಸಿಟ್ಟು ಬರುವುದಿಲ್ಲ. ವಾರವಿಡೀ ಎಲ್ಲಿ ಬಾಯಿ ಕಟ್ಟಿಕೊಂಡು ಕೂತಿದ್ದರೋ ಎನಿಸುತ್ತದೆ.

ಅವರು ತೀರಿಕೊಂಡ ದಿನ ಶ್ರೀರಾಂಪುರಕ್ಕೆ ಹೋಗಿದ್ದೆ. ಅವರ ಯಜಮಾನರು ವರಾಂಡದಲ್ಲಿ ಕೂತಿದ್ದರು. "ಮನೇಲಿ ಒಂದಿನಾನೂ ಜೋರಾಗಿ ಮಾತಾಡಿದೋಳಲ್ಲ ಕಣಮ್ಮ" ಎಂದರು. ಆಮೇಲೆ, "ಅಲ್ಲಿ ಹೆಂಗೆ ಕೂಗ್ತಿದ್ಲು? ನಾನು ಒಂದ್ಸಲ ಒಳಗೆ ಬಂದು ನೋಡ್ಬೇಕಿತ್ತು" ಎಂದರು. ನಾನು ಹೇಳಿದೆ. ಕನ್ನಡಕ ತೆಗೆಯುವುದು, ಸೆರಗು ಸಿಕ್ಕಿಸುವುದು, ಬಾರದ ಶಿಳ್ಳೆ, ಎಲ್ಲವನ್ನೂ ಹೇಳಿದೆ. ಅವರು ತಲೆಯಾಡಿಸುತ್ತಾ ಕೇಳಿಸಿಕೊಂಡರು.

ಇನ್ನು ಉಳಿದದ್ದು ಆ ಐದನೆಯ ಭಾನುವಾರ ಕಳೆದು ಬಂದ ಸೋಮವಾರ. ಅದನ್ನು ಹೇಳಿ ಮುಗಿಸುತ್ತೇನೆ.

ಹನ್ನೊಂದು ಗಂಟೆ. ಕೌಂಟರಿನ ಮುಂದೆ ನಲವತ್ತು ಜನ. ಪಟ್ಟಿಯ ಮೊದಲ ಹೆಸರು ಬಸವರಾಜು. ನಿನ್ನೆಯ ಧೈರ್ಯವೆಲ್ಲ ಟಾಕೀಸಿನಲ್ಲೇ ಉಳಿದಿತ್ತು. ತುಟಿ ಸೇರಿತು, ಬಿಡಲಿಲ್ಲ. ಪಕ್ಕದ ಮೇಜಿನವರು ಅಪ್ಪಣೆಯಂತೆ ಬಾಯಿ ಕಟ್ಟಿಕೊಂಡು ಕೂತಿದ್ದರು. ಒಳಗಿನಿಂದ ಮೇಡಂ ಎದ್ದು ಬಂದು ನನ್ನ ಪಕ್ಕ ನಿಂತರು. ಕನ್ನಡಕ ತೆಗೆದರು. ಪಟ್ಟಿಯ ಮೇಲೆ ಬೆರಳಿಟ್ಟು ಕಣ್ಣಲ್ಲೇ 'ಹೂಂ' ಎಂದರು. ಕಟ್ಟಿದ ಗಂಟಲಲ್ಲಿ ಅವರು, ತಡೆದ ತುಟಿಯಲ್ಲಿ ನಾನು, ಇಬ್ಬರೂ ಒಟ್ಟಿಗೆ ಕೂಗಿದೆವು. ಬಸವರಾಜು ಬೆಚ್ಚಿಬಿದ್ದು ಓಡಿ ಬಂದ. ಪುಟ್ಟಸ್ವಾಮಿ. ಮಲ್ಲಿಕಾರ್ಜುನ. ಒಂದೊಂದು ಹೆಸರಿಗೂ ಕಟ್ಟಡ ಗುಂಯ್ ಎನ್ನುತ್ತಿತ್ತು. ಇಪ್ಪತ್ತು ವರ್ಷ ಆ ಹಜಾರದಲ್ಲಿ ಪಿಸುಮಾತನ್ನೂ ಸಹಿಸದಿದ್ದ ಹೆಂಗಸು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು ಕೂಗುವುದನ್ನು ನೋಡಿ ಜವಾನ ಬಿಸಿನೀರಿನ ಲೋಟ ಹಿಡಿದು ಹಾಗೇ ನಿಂತುಬಿಟ್ಟ.

ಅಧಿಕಾರಿ ಹೊರಗೆ ಬಂದರು. "ಏನ್ರೀ ಮೇಡಂ ಇದು? ಆಫೀಸೋ ಟಾಕೀಸೋ? ಒಳಗ್ ಬನ್ನಿ ಸ್ವಲ್ಪ."

ಮೇಡಂ ಕನ್ನಡಕ ಹಾಕಿಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಅವರ ಹಿಂದೆ ಹೋದರು. ಬಾಗಿಲು ಮುಚ್ಚಿತು. ನನ್ನಿಂದಾಗಿ ಅವರು ಒಳಗೆ ನಿಂತು ಮಾತು ಕೇಳಬೇಕಾಯಿತು. ಪಟ್ಟಿ ನೋಡಿದೆ. ಮುಂದಿನ ಹೆಸರು ಮಾದಮ್ಮ. ಜನ ನನ್ನನ್ನೇ ನೋಡುತ್ತಿದ್ದರು. ಯಾರೂ ನಗಲಿಲ್ಲ, ಯಾರೂ ನನ್ನ ಬದಲಿಗೆ ಹೇಳಲಿಲ್ಲ. ತುಟಿ ಸೇರಿತು. ಸೇರಿಯೇ ಇತ್ತು. ಕಾದೆ. ಒಳಗಿರುವವರಿಗೆ ಕೇಳಬೇಕು ಎನ್ನುವುದೊಂದೇ ತಲೆಯಲ್ಲಿತ್ತು.

"ಮಾದಮ್ಮ!"

ನನ್ನ ಮೂಗಿನ ನೇರಕ್ಕೆ, ಕೌಂಟರಿಗೆ ಒರಗಿಕೊಂಡೇ ನಿಂತಿದ್ದ ಮುದುಕಿ ಕಿವಿ ಮುಚ್ಚಿಕೊಂಡಳು.

"ಯಾಕವ್ವ ಅಂಗ್ ಕೂಗ್ತೀಯ? ಇಲ್ಲೇ ಇವ್ನಿ."